ಬೇಯ್ಲಿಗೂ ಗೆಲ್ಲೋ ದಾರಿ ಬೇಕಲ್ವಾ: ಪೊಲ್ಲಿಲೂರು ಕದನವನ್ನು ಆಟ ಮಾಡಿದ ನನ್ನ ಅನುಭವ

ಆಡು ಹುಲಿ ಆಟದಲ್ಲಿ ನಮ್ಮ ಕಡೆ ಹುಲಿ 3, ಆಡು 15. ಹುಲಿ ಹಾರಿ ತಿನ್ನುತ್ತದೆ, ಆಡಿಗೆ ಆ ಭಾಗ್ಯ ಇಲ್ಲ. ಆದರೂ ಇದು ಮೋಸದ ಆಟ ಅಂತ ಯಾರೂ ಎದ್ದು ಹೋಗುವುದಿಲ್ಲ. ಇಬ್ಬರ ಗುರಿಯೂ ಬೇರೆ ಬೇರೆ, ಅದಕ್ಕೇ. ಹುಲಿ ತಿಂದು ಗೆಲ್ಲಬೇಕು, ಆಡು ಕಟ್ಟಿಹಾಕಿ ಗೆಲ್ಲಬೇಕು. ಯುದ್ಧದ ಆಟ ಕಟ್ಟೋಕೆ ಕೂತಾಗ ನಾನು ಹಿಡಿದುಕೊಂಡ ದಾರಿಯೂ ಇದೇ. ತುಕಡಿ ನಿಜವಾಗಿ ಹೇಗಿತ್ತೋ ಹಾಗೇ ಇರಲಿ. ಇಬ್ಬರನ್ನೂ ಸಮ ಮಾಡುವ ಕೆಲಸವನ್ನು ಗುರಿಯಲ್ಲಿ, ಬೆಲೆಯಲ್ಲಿ ಮಾಡೋಣ.

ನಾನು ಆರಿಸಿಕೊಂಡಿದ್ದು 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಕದನ, ಕಾಂಚೀಪುರದ ಹತ್ತಿರ ಹೈದರ್ ಅಲಿಯ ಮೈಸೂರಿಗೂ ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಗೂ ನಡೆದದ್ದು. ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋದವರು ಪಶ್ಚಿಮದ ಗೋಡೆಯಲ್ಲಿ ಅದರ ಚಿತ್ರ ನೋಡಿರುತ್ತೀರಿ. ಚೌಕ ಕಟ್ಟಿ ನಿಂತ ಕಂಪನಿಯ ಸಿಪಾಯಿಗಳು, ಪಲ್ಲಕ್ಕಿಯಲ್ಲಿ ಕರ್ನಲ್ ವಿಲಿಯಂ ಬೇಯ್ಲಿ, ಸಿಡಿಯುತ್ತಿರುವ ಮದ್ದಿನ ಗಾಡಿ, ಸುತ್ತಲೂ ಮೈಸೂರಿನ ಕುದುರೆ. ಬೇಯ್ಲಿ ಗುಂಟೂರು ಕಡೆಯಿಂದ ಬಂದು ಕಾಂಚೀಪುರದಲ್ಲಿದ್ದ ಹೆಕ್ಟರ್ ಮನ್ರೋನ ಸೈನ್ಯ ಸೇರಬೇಕಿತ್ತು. ದಾರಿಯಲ್ಲಿ ಕೊರ್ತಲೈಯಾರ್ ನದಿ ತುಂಬಿ ದಡದಲ್ಲೇ ದಿನಗಟ್ಟಲೆ ಕೂತ. ದಾಟಿದ ಮೇಲೆ ಟಿಪ್ಪು ಅಡ್ಡ ಹಾಕಿದ. ಕೊನೆಗೆ ಹೈದರ್ ಅಲಿಯ ಮುಖ್ಯ ಸೈನ್ಯವೇ ಬಂದು ಮುತ್ತಿತು. ಬೇಯ್ಲಿಯ ಹತ್ತಿರ ಇದ್ದವರು ಸುಮಾರು 3,800 ಜನ. ಹೈದರ್ ಆ ವರ್ಷ ಘಟ್ಟ ಇಳಿಸಿದ ಸೈನ್ಯವನ್ನು 80,000ಕ್ಕೂ ಜಾಸ್ತಿ ಅಂತ ಲೆಕ್ಕ ಹಾಕುತ್ತಾರೆ.

ಇದನ್ನು ಇದ್ದ ಹಾಗೇ ಮೇಜಿನ ಮೇಲಿಟ್ಟರೆ ಕಂಪನಿ ಕಡೆ ಕೂತವನು ಟೀ ಆರುವುದರೊಳಗೆ ಸೋಲುತ್ತಾನೆ. ಹೆಚ್ಚಿನ ಕಂಪ್ಯೂಟರ್ ಆಟಗಳು ಇಲ್ಲಿ ಒಂದು ಸುಲಭದ ದಾರಿ ಹಿಡಿಯುತ್ತವೆ. ಈಟಿಯವನು ಕುದುರೆಯನ್ನು ಹೊಡೆಯುತ್ತಾನೆ, ಕುದುರೆ ಬಿಲ್ಲುಗಾರನನ್ನು, ಬಿಲ್ಲುಗಾರ ಈಟಿಯವನನ್ನು. ಯಾವುದಾದರೂ ಜಾಸ್ತಿ ಗೆದ್ದರೆ ಅದರ ಬಲ ಒಂದಿಷ್ಟು ಕತ್ತರಿಸುವುದು. ಇಬ್ಬರೂ ಬೇಕಾದ್ದನ್ನು ಕೊಂಡು ಆಡುವ ಆಟಕ್ಕೆ ಅದು ಸರಿ. ಒಂದು ನಿಜವಾದ ಕದನಕ್ಕೆ ಹಾಗೆ ಮಾಡಿದರೆ ಕೊನೆಗೆ ಉಳಿಯುವುದು ಹೆಸರು ಮಾತ್ರ. ಕಾಯಿಯ ಮೇಲೆ ಮೈಸೂರು ಸವಾರ ಅಂತ ಬರೆದಿರುತ್ತೆ, ಒಳಗೆ ಯಾವನೋ ಒಬ್ಬ ಸವಾರ.

ಮೊದಲು ಅಳತೆ ಗೊತ್ತುಮಾಡಿಕೊಂಡೆ. ಹಾಸಿನ ಮೇಲೆ ಆರು ಮೂಲೆಯ ಮನೆಗಳು, ಒಂದು ಮನೆ ಅಂದರೆ 200 ಗಜ. ಆ ಕಾಲದ ಕೋವಿ ನಿಮಿಷಕ್ಕೆ 2-3 ಸುತ್ತು ಹಾರುತ್ತಿತ್ತು. 100 ಗಜ ದಾಟಿದರೆ ಗುರಿ ದೇವರಿಗೇ ಬಿಟ್ಟದ್ದು. ಹಾಗಾಗಿ ಕೋವಿ ಪಕ್ಕದ ಮನೆಗೆ ಮಾತ್ರ. 6 ಪೌಂಡ್ ಗುಂಡಿನ ತೋಪು 600ರಿಂದ 800 ಗಜ, ಅಂದರೆ 3-4 ಮನೆ. ರಾಕೆಟ್ 5 ಮನೆ. ಮೈಸೂರಿನ ತೋಪು ಒಂದು ಸರದಿಗೆ 2 ಮನೆ ನಡೆಯುತ್ತದೆ, ಕಂಪನಿಯದು 1. ಇದು ಪಕ್ಷಪಾತ ಅಲ್ಲ, ಎತ್ತಿನ ವಿಷಯ. ಮೈಸೂರಿನ ತೋಪು ಎಳೆಯುತ್ತಿದ್ದದ್ದು ಅಮೃತ ಮಹಲ್ ಎತ್ತುಗಳು. ಕಂಪನಿಯವರು ಬಾಡಿಗೆ ಎತ್ತು, ಸಿಕ್ಕಿದ ಎತ್ತು ಕಟ್ಟಿಕೊಂಡು ಒದ್ದಾಡುತ್ತಿದ್ದರು. ಫ್ರೆಂಚ್ ಕೋವಿಗೂ ಇಂಗ್ಲಿಷ್ ಕೋವಿಗೂ ಬೇರೆ ಅಂಕ ಕೊಡು ಅಂತ ಒಬ್ಬ ಗೆಳೆಯ ಹಟ ಹಿಡಿದ. ಒಂದೇ ಮನೆಯೊಳಗೆ ಕರಗಿಹೋಗುವ ವ್ಯತ್ಯಾಸ ಅದು, ಬಿಟ್ಟುಬಿಟ್ಟೆ. ಯಾವ ವಿವರ ಬೇಕು, ಯಾವುದು ಬೇಡ ಅನ್ನುವ ಜಗಳವನ್ನು ಅಳತೆಯೇ ಅರ್ಧ ಬಗೆಹರಿಸುತ್ತದೆ.

ಇನ್ನು ರಾಕೆಟ್. ಇದರ ಮೇಲೆ ಆದಷ್ಟು ವಾದ ಬೇರೆ ಯಾವುದರ ಮೇಲೂ ಆಗಿಲ್ಲ. ಮೈಸೂರು ಕಡೆಯ ಹುಡುಗರಿಗೆ ರಾಕೆಟ್ ಅಂದರೆ ಬ್ರಹ್ಮಾಸ್ತ್ರ ಆಗಿರಬೇಕು. ಹೊಸನಗರ ತಾಲ್ಲೂಕಿನ ನಗರದ ಹಾಳು ಬಾವಿಯಲ್ಲಿ 2018ರಲ್ಲಿ ಸಾವಿರಕ್ಕೂ ಜಾಸ್ತಿ ರಾಕೆಟ್ ಸಿಕ್ಕಿದ ಮೇಲಂತೂ ಕೇಳೋದೇ ಬೇಡ. ಹೆಮ್ಮೆ ಸರಿ. ಮೈಸೂರಿನವರು ಮದ್ದನ್ನು ಕಬ್ಬಿಣದ ಕೊಳವೆಯಲ್ಲಿ ತುಂಬಿದ್ದರಿಂದ ಒತ್ತಡ ತಡೆದುಕೊಳ್ಳುತ್ತಿತ್ತು, ದೂರ ಹೋಗುತ್ತಿತ್ತು. ಇಂಗ್ಲಿಷರು ಮುಂದೆ ಲಂಡನ್ ಬಳಿಯ ವೂಲಿಚ್‌ನಲ್ಲಿ ತಮ್ಮ ರಾಕೆಟ್ ಮಾಡಿದ್ದೂ ಇದನ್ನು ನೋಡಿಯೇ. ಆದರೆ ಒಂಟಿ ರಾಕೆಟ್ ಎಲ್ಲಿ ಬೀಳುತ್ತದೆ ಅಂತ ಹಾರಿಸಿದವನಿಗೂ ಗೊತ್ತಿರುತ್ತಿರಲಿಲ್ಲ. ಕೊಲ್ಲುವುದಕ್ಕಿಂತ ಬೆದರಿಸುವುದೇ ಅದರ ದೊಡ್ಡ ಕೆಲಸ. ಅದರಲ್ಲೂ ಕುದುರೆಯನ್ನು, ಎತ್ತನ್ನು.

ನಿಯಮ ಹೀಗಿಟ್ಟೆ. ಗುರಿಯ ಮನೆ ಹೇಳು, ಒಂದು ದಾಳ ಹಾಕು. 5 ಅಥವಾ 6 ಬಿದ್ದರೆ ಅಲ್ಲೇ ಬಿತ್ತು. ಇಲ್ಲದಿದ್ದರೆ ಇನ್ನೊಂದು ದಾಳ. ಮನೆಗೆ ಆರು ಪಕ್ಕ, ದಾಳಕ್ಕೆ ಆರು ಮುಖ, ಯಾವ ಪಕ್ಕಕ್ಕೆ ಹಾರಿತು ಅಂತ ಅದೇ ಹೇಳುತ್ತದೆ. ಬಿದ್ದ ಮನೆಯಲ್ಲಿ ತುಕಡಿ ಇದ್ದರೆ ಎರಡು ದಾಳ ಕೂಡಿಸಿ ಹಾಕಬೇಕು. ಮೊತ್ತ ಆ ತುಕಡಿಯ ಗಟ್ಟಿತನವನ್ನು ಮೀರಿದರೆ ಕಾಯಿ ತಿರುವಿ ಹಾಕುವುದು, ಅಂದರೆ ತುಕಡಿ ಚದುರಿತು. ಕುದುರೆ, ಎತ್ತಿನ ಗಾಡಿ ಆದರೆ ಮೊತ್ತಕ್ಕೆ 2 ಸೇರಿಸಬೇಕು. ಕಂಪನಿಯ ಗ್ರೆನೇಡಿಯರ್‌ಗಳ, ಅಂದರೆ ಆಯ್ದ ಕಾಲಾಳುಗಳ, ಗಟ್ಟಿತನ 9. ಅವರು ಚದುರುವುದು 36ರಲ್ಲಿ 6 ಸಲ. ಗಾಡಿಯ ಗಟ್ಟಿತನ 7. ಅದು 36ರಲ್ಲಿ 26 ಸಲ ಚದುರುತ್ತದೆ. ಒಂದೇ ಆಯುಧ, ಒಂದೇ ದಾಳ, ಆದರೆ ಯಾರ ಮೇಲೆ ಬಿತ್ತು ಅನ್ನುವುದರ ಮೇಲೆ ಫಲ ಪೂರ್ತಿ ಬೇರೆ.

ಆಡುತ್ತಾ ಹೋದಂತೆ ನಾನು ಬರೆಯದೇ ಇದ್ದ ಒಂದೆರಡು ನಿಯಮ ತಾವಾಗಿಯೇ ಹುಟ್ಟಿಕೊಂಡವು. ಎದುರಾಳಿ ಚೌಕ ಕಟ್ಟಿ ಒತ್ತಾಗಿ ನಿಂತಿದ್ದರೆ ಗುರಿ ತಪ್ಪಿದ ರಾಕೆಟ್ಟೂ ಯಾರ ಮೇಲಾದರೂ ಬೀಳುತ್ತದೆ. ಚದುರಿ ನಿಂತಿದ್ದರೆ ಖಾಲಿ ಹೊಲಕ್ಕೆ ಬೀಳುತ್ತದೆ. ಮೈಸೂರಿನವನು ಸವಾರರನ್ನು ಮುಂದೆ ನುಗ್ಗಿಸಿ ಹಿಂದಿನಿಂದ ರಾಕೆಟ್ ಬಿಟ್ಟರೆ ತನ್ನ ಕುದುರೆಯೇ ಬೆದರುತ್ತದೆ. ಹಾಗಾಗಿ ಮೊದಲು ರಾಕೆಟ್, ಆಮೇಲೆ ಸವಾರರು ಅನ್ನುವ ಕ್ರಮವನ್ನು ಆಟಗಾರರೇ ಕಂಡುಕೊಂಡರು. ರಾಕೆಟ್ ಜಾಸ್ತಿ ಆಯಿತು ಅಂತ ದೂರಿದವರೂ ಇಲ್ಲ, ಕಮ್ಮಿ ಆಯಿತು ಅಂತ ಮುಖ ಊದಿಸಿಕೊಂಡವರೂ ಇಲ್ಲ. ಅದರ ಬಲವನ್ನು ನಾನು ಒಂದಿಷ್ಟೂ ಕತ್ತರಿಸಬೇಕಾಗಲಿಲ್ಲ.

ಬೆಲೆಯ ಲೆಕ್ಕಕ್ಕೆ ಬರೋಣ. ಪ್ರತಿ ತುಕಡಿಗೂ ಒಂದು ಬೆಲೆ ಬೇಕು, ಇಲ್ಲದಿದ್ದರೆ ಯಾರ ಹತ್ತಿರ ಎಷ್ಟಿದೆ ಅಂತ ತೂಗುವುದು ಹೇಗೆ? ಇಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಅನ್ನುವ ಇಂಗ್ಲಿಷ್ ಎಂಜಿನಿಯರ್ ಮೊದಲ ಮಹಾಯುದ್ಧದ ಹೊತ್ತಿಗೆ ಕೊಟ್ಟ ಲೆಕ್ಕ ಸಹಾಯಕ್ಕೆ ಬಂತು. ಎಲ್ಲರೂ ಎಲ್ಲರ ಮೇಲೂ ಗುರಿಯಿಟ್ಟು ಹೊಡೆಯಬಹುದಾದ ಜಾಗದಲ್ಲಿ ಸೈನ್ಯದ ಬಲ ಸಂಖ್ಯೆಯ ವರ್ಗದಂತೆ ಏರುತ್ತದೆ. 20 ಜನ 10 ಜನರ ಮೇಲೆ ಬಿದ್ದರೆ 10 ಜನ ಉಳಿಯುತ್ತಾರೆ ಅಂತ ನಮಗನ್ನಿಸುತ್ತೆ. ಲೆಕ್ಕದ ಪ್ರಕಾರ 17 ಜನ ಉಳಿಯುತ್ತಾರೆ. 400ರಲ್ಲಿ 100 ಕಳೆದು ವರ್ಗಮೂಲ ತೆಗೆಯಿರಿ, ಅಷ್ಟೇ. ಇದರ ಇನ್ನೊಂದು ಮುಖ ಬೆಲೆಗೆ ಬೇಕಾದದ್ದು. ಹೊಡೆತ ಮಾತ್ರ ಎರಡರಷ್ಟಿರುವ ತುಕಡಿಯ ಬೆಲೆ ಎರಡರಷ್ಟಲ್ಲ, ಸುಮಾರು 1.4ರಷ್ಟು. ಹೊಡೆತವೂ ತಾಳಿಕೆಯೂ ಎರಡೂ ಎರಡರಷ್ಟಿದ್ದರೆ ಆಗ ಎರಡರಷ್ಟು.

ಆದರೆ ಇದನ್ನು ಕಣ್ಣುಮುಚ್ಚಿ ನಂಬಬೇಡಿ. ಕೋವಿ ಪಕ್ಕದ ಮನೆಗೆ ಮಾತ್ರ ತಾಗುವ ಹಾಸಿನಲ್ಲಿ ಹಿಂದೆ ನಿಂತವನ ಕೈಗೆ ಕೆಲಸವಿಲ್ಲ. ಇಕ್ಕಟ್ಟಿನ ಜಾಗದಲ್ಲಿ ಸಂಖ್ಯೆಗಿಂತ ಗಟ್ಟಿತನಕ್ಕೇ ಬೆಲೆ ಜಾಸ್ತಿ. ಬೇಯ್ಲಿಯ ಚೌಕ ಗಂಟೆಗಟ್ಟಲೆ ನಿಂತಿದ್ದಕ್ಕೆ ಒಂದು ಕಾರಣ ಇದೇ ಇರಬೇಕು. ಅದಕ್ಕೆ ನಾನು ಲೆಕ್ಕದಿಂದ ಮೊದಲ ಬೆಲೆ ಇಟ್ಟು, ಆಮೇಲೆ ಆಡಿಸಿ ನೋಡಿ ಕುದುರೆಯದ್ದನ್ನು ಇಳಿಸಿದೆ, ಗ್ರೆನೇಡಿಯರ್‌ನದ್ದನ್ನು ಏರಿಸಿದೆ. ಇಳಿಸಿದ್ದು ಬೆಲೆಯನ್ನು ಮಾತ್ರ, ಕುದುರೆಯ ಓಟವನ್ನಲ್ಲ.

ಗುರಿಗಳ ವಿಷಯದಲ್ಲಿ ನನಗೆ ಅನುಮಾನವೇ ಇರಲಿಲ್ಲ. ಕಂಪನಿ ಕಡೆಯವನು ಹೈದರನನ್ನು ಸೋಲಿಸಬೇಕಿಲ್ಲ. ಚೌಕ ಮುರಿಯದೆ ನಿಂತ ಪ್ರತಿ ಸರದಿಗೆ 1 ಅಂಕ, ಕಾಂಚೀಪುರದ ಅಂಚಿನಿಂದ ಹೊರಬಿದ್ದ ಪ್ರತಿ ತುಕಡಿಗೆ 3. ಮೈಸೂರಿನವನಿಗೆ ಸೆರೆಹಿಡಿದ ತುಕಡಿಗೆ 2. ಆದರೆ ಅವನಿಗೆ ಹೊತ್ತಿಲ್ಲ, ಯಾಕೆಂದರೆ ಕೆಲವೇ ಗಂಟೆಗಳ ನಡಿಗೆಯ ದೂರದಲ್ಲಿ ಮನ್ರೋ ಇದ್ದಾನೆ. 4ನೇ ಸರದಿಯಿಂದ ಕಂಪನಿಯವನು ಎರಡು ದಾಳ ಹಾಕುತ್ತಾನೆ. 11 ಅಥವಾ 12 ಬಿದ್ದರೆ ಮನ್ರೋ ಬಂದ. ಕಾಂಚೀಪುರದ ದಾರಿಯಲ್ಲಿ ಮೈಸೂರಿನ ಸವಾರರು ಇಲ್ಲದಿದ್ದರೆ 9 ಬಿದ್ದರೂ ಸಾಕು. 36ರಲ್ಲಿ 3 ಇದ್ದದ್ದು 36ರಲ್ಲಿ 10 ಆಗುತ್ತದೆ. ದಾರಿ ಕಾಯೋಕೆ ಸವಾರರನ್ನು ಕಳಿಸಿದರೆ ಚೌಕದ ಮೇಲಿನ ಒತ್ತಡ ಇಳಿಯುತ್ತದೆ, ಕಳಿಸದಿದ್ದರೆ ಬೆನ್ನಿಗೆ ಭಯ. ನಿಜದಲ್ಲಿ ಮನ್ರೋ ಬರಲೇ ಇಲ್ಲ. ಬೇಯ್ಲಿ ಸೋತ ಸುದ್ದಿ ಮುಟ್ಟಿದ ಮೇಲೆ ದೊಡ್ಡ ತೋಪುಗಳನ್ನು ಕಾಂಚೀಪುರದ ದೇವಸ್ಥಾನದ ಕಲ್ಯಾಣಿಗೆ ತಳ್ಳಿ ಮದ್ರಾಸಿನ ಕಡೆ ಹೊರಟ. ಅವನು ಬರೋದಿಲ್ಲ ಅಂತ ಗೊತ್ತಿಟ್ಟುಕೊಂಡು ಆಡಿದರೆ ಮಜಾ ಎಲ್ಲಿರುತ್ತೆ?

ಮದ್ದಿನ ಗಾಡಿ ಸಿಡಿದದ್ದು ರಾಕೆಟ್‌ನಿಂದಲೋ ತೋಪಿನ ಗುಂಡಿನಿಂದಲೋ, ಬರೆದವರಲ್ಲೇ ಒಮ್ಮತವಿಲ್ಲ. ಇಂಥ ಸರದಿಯಲ್ಲಿ ಗಾಡಿ ಸಿಡಿಯಬೇಕು ಅಂತ ಬರೆದಿಟ್ಟರೆ ಅದು ಆಟವಲ್ಲ, ನಾಟಕ. ಹಾಗಾಗಿ ಆಯ್ಕೆಯನ್ನು ಆಟಗಾರನಿಗೇ ಬಿಟ್ಟೆ. ಗಾಡಿಯನ್ನು ಚೌಕದ ನಡುವೆ ಇಟ್ಟರೆ ತೋಪುಗಳು ಪ್ರತಿ ಸರದಿಯೂ ಹಾರುತ್ತವೆ. ದೂರ ಇಟ್ಟರೆ ಸರದಿ ಬಿಟ್ಟು ಸರದಿ. ಚದುರಿದ ಗಾಡಿಗೆ ಮತ್ತೊಮ್ಮೆ ತಾಗಿದರೆ ಸಿಡಿಯುತ್ತದೆ, ಅಕ್ಕಪಕ್ಕದ ಆರೂ ಮನೆಯ ಕಾಯಿ ತಿರುವಿ ಬೀಳುತ್ತವೆ.

"ಅಲ್ಲಾ ಕಣೋ, ಹೊರಗಿಟ್ರೆ ಕುದುರೆಯೋರು ಹೊಡ್ಕೊಂಡು ಹೋಗ್ತಾರೆ, ಒಳಗಿಟ್ರೆ ನಂದೇ ಸುಟ್ಟುಹೋಗುತ್ತೆ. ಏನ್ ಮಾಡ್ಲಿ ಹೇಳು?" ಅಂದ ಕಂಪನಿ ಕಡೆ ಕೂತಿದ್ದವನು.

"ಯೋಚ್ನೆ ಮಾಡು ಮಾರಾಯ, ಮನ್ರೋ ಬಂದ್ರೂ ಬರಬಹುದು" ಅಂದೆ.

ಎರಡು ಗಾಡಿ ಒಳಗೆ, ಒಂದು ಹೊರಗೆ ಇಟ್ಟ. ಒಳಗಿದ್ದ ಒಂದು ಸಿಡಿಯಿತು. ಚೌಕ ಮುರಿಯಿತು, ತುಕಡಿಗಳಲ್ಲಿ ಮುಕ್ಕಾಲು ಸೆರೆಯಾದವು. ಆದರೆ ಅಷ್ಟರಲ್ಲಿ ನಿಂತ ಸರದಿಗಳ ಅಂಕ ಸೇರಿಸಿದರೆ ಗೆದ್ದವನು ಅವನೇ. ಮೈಸೂರಿನ ಕಡೆ ಕೂತಿದ್ದ ಅವನ ತಮ್ಮ ಅರ್ಧ ಗಂಟೆ ಮಾತಾಡಲಿಲ್ಲ.

ಇಷ್ಟಾದರೂ ಯಾವ ಕಡೆ ಒಂದು ಗುಲಗಂಜಿ ಭಾರ ಜಾಸ್ತಿ ಇದೆ ಅಂತ ಆಡಿಸುವವನಿಗೆ ಪೂರ್ತಿ ಗೊತ್ತಾಗುವುದಿಲ್ಲ. ಅದಕ್ಕೆ ಹರಾಜು ಇಟ್ಟೆ. ಮೈಸೂರು ಕಡೆ ಆಡೋಕೆ ಎದುರಾಳಿಗೆ ಎಷ್ಟು ಅಂಕ ಬಿಟ್ಟುಕೊಡುತ್ತೀ ಅಂತ ಇಬ್ಬರೂ ಚೀಟಿಯಲ್ಲಿ ಬರೆಯಬೇಕು. ಜಾಸ್ತಿ ಬರೆದವನಿಗೆ ಮೈಸೂರು. ಕಡೆ ಸಿಗದವನು ಗೊಣಗೋ ಹಾಗಿಲ್ಲ, ಬೆಲೆ ಕಟ್ಟಿದವನು ಅವನೇ. ಹೊತ್ತಿದ್ದರೆ ಕಡೆ ಬದಲಿಸಿ ಎರಡು ಸಲ ಆಡಿ ಅಂಕ ಕೂಡಿಸುವುದು ಇನ್ನೂ ಒಳ್ಳೆಯದು. ಭಾನುವಾರ ಪೂರ್ತಿ ಹೋಗುತ್ತೆ, ಅದೊಂದೇ ತೊಂದರೆ.

ಈಗ ಶ್ರೀರಂಗಪಟ್ಟಣದ ಹತ್ತಿರ ನಡೆದ 1791ರ ಅರಕೆರೆ ಕದನ ಕೈಯಲ್ಲಿದೆ. ಮೇ 15ರಂದು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಅಲ್ಲಿ ಟಿಪ್ಪುವಿನ ಸೈನ್ಯವನ್ನು ಹಿಂದಕ್ಕೆ ಅಟ್ಟಿದ. ಆದರೆ ಮಳೆ ಹಿಡಿದಿತ್ತು, ಎತ್ತುಗಳು ಸಾಯುತ್ತಿದ್ದವು, ಕೊನೆಗೆ ಶ್ರೀರಂಗಪಟ್ಟಣದ ಕೋಟೆ ಒಡೆಯೋಕೆ ತಂದ ತೋಪುಗಳನ್ನು ತಾನೇ ಹಾಳುಮಾಡಿ ವಾಪಸ್ ಹೋದ. ಇಲ್ಲಿ ಎತ್ತುಗಳಿಗೇ ಬೇರೆ ಕಾಯಿ ಮಾಡಿದ್ದೇನೆ, ಪ್ರತಿ ಸರದಿಗೂ ಮಳೆಯ ದಾಳ. ಎತ್ತಿನ ಕಾಯಿ ತಿರುವಿ ಬಿದ್ದರೆ ತೋಪು ಇದ್ದಲ್ಲೇ ನಿಲ್ಲುತ್ತದೆ. ಸದ್ಯಕ್ಕೆ ಎತ್ತಿನ ಬೆಲೆಯಲ್ಲಿ ಸಿಕ್ಕಿಕೊಂಡಿದ್ದೇನೆ. ಹೇಗೆ ಲೆಕ್ಕ ಹಾಕಿದರೂ ತೋಪಿಗಿಂತ ಜಾಸ್ತಿ ಬರುತ್ತಿದೆ.