ಎಲೆ ಉದುರುವ ಊರಲ್ಲಿ ಎಳೆಯರ ಜೊತೆ

ದಾವಣಗೆರೆ ಸುತ್ತ ಮೆಕ್ಕೆಜೋಳ ಮುರಿದು ಒಕ್ಕುವ, ಚಳ್ಳಕೆರೆ ಕಡೆ ಶೇಂಗಾ ಕಿತ್ತು ಒಣಗಿಸುವ ಹೊತ್ತಿಗೆ ಲಂಡನ್, ಬರ್ಲಿನ್, ಟೊರಾಂಟೊಗಳಲ್ಲಿ ಮರಗಳು ಬಣ್ಣ ತಿರುಗುತ್ತವೆ. ಅಲ್ಲಿ ಸಂಸಾರ ಹೂಡಿದ ನಮ್ಮ ಕಡೆಯ ಮಕ್ಕಳು, ಬಾಣಂತನಕ್ಕೋ ಮೊಮ್ಮಕ್ಕಳನ್ನು ನೋಡಿಕೊಳ್ಳಲಿಕ್ಕೋ ವಿಮಾನ ಹತ್ತಿದ ಅಜ್ಜ-ಅಜ್ಜಿಯರು ಆಗ ಸಾಮಾನ್ಯವಾಗಿ ಕಿಟಕಿ ಮುಚ್ಚಿ, ಹೀಟರ್ ಹಾಕಿ, ಮಗುವಿನ ಕೈಗೆ ಫೋನ್ ಕೊಟ್ಟು ಮಾರ್ಚ್ ಬರಲೆಂದು ಕಾಯುತ್ತಾರೆ. ಕಾಯಬೇಕಿಲ್ಲ. ಸ್ವಲ್ಪ ತಯಾರಿಯಿದ್ದರೆ ಮಕ್ಕಳಿಗೆ ಇಷ್ಟು ಆಟದ ಸಾಮಾನು ಪುಕ್ಕಟೆ ಸಿಗುವ ಕಾಲ ವರ್ಷದಲ್ಲಿ ಇನ್ನೊಂದಿಲ್ಲ.

ಮೊದಲು ಬೆಳಕಿನ ಲೆಕ್ಕ

ಡಿಸೆಂಬರ್ 21ರ ಸುಮಾರಿಗೆ ದಾವಣಗೆರೆಯಲ್ಲಿ ಹಗಲು ಹನ್ನೊಂದು ಗಂಟೆ ಮೀರಿ ಇರುತ್ತದೆ. ಲಂಡನ್ನಿನಲ್ಲಿ ಎಂಟು ಗಂಟೆಯೂ ಇಲ್ಲ. ನಾಲ್ಕು ಹೊಡೆಯುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಬಿಸಿಲಿಳಿದ ಮೇಲೆ ಮಕ್ಕಳನ್ನು ಆಟಕ್ಕೆ ಬಿಡುವ ನಮ್ಮ ರೂಢಿ ಅಲ್ಲಿ ನಡೆಯದು. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರೊಳಗೆ ಹೊರಗೆ ಹೋಗಿ ಬನ್ನಿ. ಮೂರು ವರ್ಷದೊಳಗಿನ ಮಗುವಿಗೆ ಅರ್ಧ ಗಂಟೆ ಧಾರಾಳವಾಯಿತು, ಆದರೆ ದಿನಾ ಹೋಗಬೇಕು.

ಯುರೋಪಿನಲ್ಲಿ ಅಕ್ಟೋಬರ್ ಕೊನೆಯ ಭಾನುವಾರ, ಅಮೆರಿಕ ಮತ್ತು ಕೆನಡಾದ ಹೆಚ್ಚಿನ ಕಡೆ ನವೆಂಬರ್ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಮಗುವಿಗೆ ಇದು ತಿಳಿಯುವುದಿಲ್ಲ. ಆರಕ್ಕೆ ಏಳುತ್ತಿದ್ದದ್ದು ಐದಕ್ಕೇ ಎದ್ದು ಕೂರುತ್ತದೆ. ನಾಲ್ಕು ದಿನ ಮೊದಲಿನಿಂದ ಊಟ, ಸ್ನಾನ, ನಿದ್ದೆ ಮೂರನ್ನೂ ದಿನಕ್ಕೆ 15 ನಿಮಿಷದಂತೆ ತಡ ಮಾಡುತ್ತ ಬನ್ನಿ. ನಿದ್ದೆಯೊಂದನ್ನೇ ತಡ ಮಾಡಿದರೆ ಹಸಿವು ಹಳೆಯ ಹೊತ್ತಿಗೇ ಎಬ್ಬಿಸುತ್ತದೆ.

ಎಣ್ಣೆ ನೀವಿ ಎಳೆಬಿಸಿಲಿಗೆ ಮಲಗಿಸುವ ಅಜ್ಜಿಯರಿಗೆ ಒಂದು ಮಾತು. ಬ್ರಿಟನ್ನಿನಲ್ಲಿ ಅಕ್ಟೋಬರಿನಿಂದ ಮಾರ್ಚ್ ಆರಂಭದವರೆಗೆ ಬರುವ ಬಿಸಿಲು ಮೈಯಲ್ಲಿ ವಿಟಮಿನ್ ಡಿ ತಯಾರಾಗಲು ಸಾಲದು. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ 10 ಮೈಕ್ರೋಗ್ರಾಂ ಕೊಡಿ ಎಂಬುದು ಅಲ್ಲಿನ ಸರ್ಕಾರಿ ಸಲಹೆ. ಕೂಸಿಗಾದರೆ ಅಳತೆಯನ್ನು ವೈದ್ಯರ ಹತ್ತಿರ ಕೇಳಿ. ಎಣ್ಣೆ ನೀವುವುದನ್ನು ಮಾತ್ರ ಬಿಡಬೇಡಿ. ಹೀಟರ್ ಗಾಳಿಗೆ ಚರ್ಮ ಬಿರಿಯುತ್ತದೆ.

ಬಟ್ಟೆ ತೊಡಿಸುವ ಕ್ರಮ

ಊರಿಂದ ಒಯ್ದ ದಪ್ಪ ಸ್ವೆಟರ್ ಒಂದೇ ಹಾಕಿ ಹೊರಟರೆ ಮಗು ಗಾಳಿಗೆ ನಡುಗುತ್ತದೆ, ಓಡಿದರೆ ಬೆವರುತ್ತದೆ. ತೆಳು ಬಟ್ಟೆಗಳ ಮೂರು ಪದರ ಬೇಕು. ಮೈಗೆ ತಾಗುವಂತೆ ಉಣ್ಣೆಯದೋ ಸಿಂಥೆಟಿಕ್ಕಿನದೋ ಒಂದು, ನಡುವೆ ಫ್ಲೀಸ್ ಎಂಬ ಮೆತ್ತನೆಯ ಜುಂಗಿನ ಬಟ್ಟೆ, ಮೇಲೆ ಗಾಳಿ-ನೀರು ತಡೆಯುವ ಜಾಕೆಟ್. ಒಳಗಿನ ಪದರ ಹತ್ತಿಯದಾಗಬಾರದು: ಹತ್ತಿ ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ತಣ್ಣಗೆ ಮಾಡುತ್ತದೆ. ಪ್ರೀತಿಯಿಂದ ಹೊಲಿಸಿ ಒಯ್ದ ಕುಂಚಿಗೆಯನ್ನು ಮನೆಯೊಳಗೆ ಹಾಕಿ ಫೋಟೋ ತೆಗೆಯಿರಿ.

ಮೊದಲು ಬಾತ್‌ರೂಮಿಗೆ ಕರೆದೊಯ್ದು ತನ್ನಿ. ಇದನ್ನು ಮರೆತವರು ಮೂರು ಪದರವನ್ನೂ ಬಿಚ್ಚುತ್ತಾರೆ. ಆಮೇಲೆ ನೀವು ಪೂರ್ತಿ ತಯಾರಾಗಿ. ಮಗುವನ್ನು ಮೊದಲು ಸಜ್ಜು ಮಾಡಿ ನಿಲ್ಲಿಸಿ ನೀವು ಚಪ್ಪಲಿ ಹುಡುಕುತ್ತಿದ್ದರೆ ಅದು ಸೆಕೆಗೆ ರಂಪ ಮಾಡುತ್ತದೆ. ಕಾಲುಚೀಲ, ಪ್ಯಾಂಟು, ಬೂಟು, ಜಾಕೆಟ್, ಟೋಪಿ ಆದಮೇಲೆ ಕೊನೆಗೆ ಕೈಗವಸು. ಐದು ಬೆರಳಿನದು ಬೇಡ. ಹೆಬ್ಬೆರಳೊಂದು ಬೇರೆ, ಉಳಿದ ನಾಲ್ಕು ಒಟ್ಟಿಗೆ ಇರುವಂಥದ್ದು ಬೆಚ್ಚಗೂ ಇರುತ್ತದೆ, ಹಾಕಲೂ ಸುಲಭ. ಬೂಟಿನ ತುದಿಯಲ್ಲಿ ಒಂದು ಸೆಂಟಿಮೀಟರ್‌ನಷ್ಟು ಜಾಗ ಬಿಡಿ. ಎರಡು ಕಾಲುಚೀಲ ತುರುಕಿದರೆ ಪಾದ ಬಿಗಿದು ಇನ್ನೂ ತಣ್ಣಗಾಗುತ್ತದೆ.

ಚಳಿಯೋ ಸೆಕೆಯೋ ಎಂದು ನೋಡಲು ಕೈ ಮುಟ್ಟಬೇಡಿ, ಮಕ್ಕಳ ಕೈ ತಣ್ಣಗಿರುವುದು ಸಹಜ. ಎರಡು ಬೆರಳನ್ನು ಕುತ್ತಿಗೆಯ ಹಿಂದೆ ತೂರಿಸಿ. ಬೆವರಿದ್ದರೆ ಒಂದು ಪದರ ತೆಗೆಯಿರಿ, ತಣ್ಣಗಿದ್ದರೆ ಒಂದು ಸೇರಿಸಿ. ಕಾರಿನ ಸೀಟಿನಲ್ಲಿ ಉಬ್ಬಿದ ಜಾಕೆಟ್ ಮೇಲೆ ಬೆಲ್ಟ್ ಹಾಕುವುದು ಅಪಾಯ: ಡಿಕ್ಕಿಯಾದಾಗ ಜಾಕೆಟ್ ಅಪ್ಪಚ್ಚಿಯಾಗಿ ಬೆಲ್ಟ್ ಸಡಿಲಾಗುತ್ತದೆ. ಬೆಲ್ಟ್ ಹಾಕಿ, ಜಾಕೆಟ್ಟನ್ನು ಮೇಲೆ ಹೊದಿಸಿ.

ಎಲೆ ಆರಿಸುವುದು, ಒಣಗಿಸುವುದು

ಎಲೆ ಹಳದಿಯಾಗುವುದು ಬಣ್ಣ ಬಂದು ಅಲ್ಲ, ಬಣ್ಣ ಹೋಗಿ. ಹಗಲು ಕುಗ್ಗಿದಂತೆ ಮರ ಹಸಿರು ದ್ರವ್ಯವನ್ನು ಒಡೆದು ಸತ್ವ ಹಿಂದಕ್ಕೆಳೆದುಕೊಳ್ಳುತ್ತದೆ. ಅಡಗಿದ್ದ ಹಳದಿ ಆಗ ಕಾಣುತ್ತದೆ. ಕೆಂಪು ಮಾತ್ರ ಹೊಸದಾಗಿ ಹುಟ್ಟುವಂಥದ್ದು. ಹಗಲು ಬಿಸಿಲು, ರಾತ್ರಿ ಹೆಪ್ಪುಗಟ್ಟದಷ್ಟು ಚಳಿ ಇದ್ದ ವರ್ಷ ಅದು ಕೆಂಡದಂತೆ ಹೊಳೆಯುತ್ತದೆ. ಮಗುವಿಗೆ ತೋರಿಸಬೇಕಾದದ್ದು ಎಲೆಯ ತೊಟ್ಟಿನ ತುದಿ. ಮೇಪಲ್ ಎಲೆಯೊಂದನ್ನು ತಿರುವಿ ನೋಡಿ: ಹರಿದ ಗುರುತಿಲ್ಲ, ಒಣಗಿ ಮುಚ್ಚಿದ ಗಾಯದಂತೆ ನುಣುಪಾಗಿರುತ್ತದೆ. ಅಲ್ಲಿ ಮರವೇ ಬೆಂಡಿನಂಥ ಪದರ ಕಟ್ಟಿ ಎಲೆಯನ್ನು ಕಳಚಿದೆ.

ಮನೆಗೆ ತಂದ ದಿನವೇ ಒತ್ತಿಡಿ, ಮರುದಿನಕ್ಕೆ ಸುರುಟಿಕೊಂಡಿರುತ್ತದೆ. ಬಟ್ಟೆಯಿಂದ ಎರಡೂ ಬದಿ ಒರೆಸಿ, ಒಂದಕ್ಕೊಂದು ತಾಗದಂತೆ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ನಾಲ್ಕೈದು ಕಿಲೋ ಭಾರದ ಪುಸ್ತಕ ಹೇರಿ. ಮೊದಲ ವಾರ ಎರಡು ದಿನಕ್ಕೊಮ್ಮೆ ಹಾಳೆ ಬದಲಿಸಿ, ಇಲ್ಲವಾದರೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಎರಡು ವಾರಕ್ಕೆ ಗರಿಗರಿಯಾಗುತ್ತವೆ. ಗಾಜಿನ ಜಾಡಿಗೆ ನೀರು ಬೆರೆಸಿದ ಫೆವಿಕಾಲಿನಂಥ ಅಂಟು ಬಳಿದು ಎಲೆ ಅಂಟಿಸಿ, ಒಳಗೆ ಬ್ಯಾಟರಿ ದೀಪ ಇಟ್ಟರೆ ದೀಪಾವಳಿಯ ಆಕಾಶಬುಟ್ಟಿ. ಜರ್ಮನಿಯಲ್ಲಿರುವವರು ಅದನ್ನೇ ನವೆಂಬರ್ 11ರ ಸಂತ ಮಾರ್ಟಿನ್ ದಿನದ ಸುಮಾರಿಗೆ ಮಕ್ಕಳು ಲಾಟೀನು ಹಿಡಿದು ಹೋಗುವ ಮೆರವಣಿಗೆಗೂ ಒಯ್ಯಬಹುದು. ಜಾಡಿ ಕೈ ಜಾರುವಷ್ಟು ಚಿಕ್ಕ ಮಗುವಾದರೆ ಪ್ಲಾಸ್ಟಿಕ್ಕಿನದೇ ಸರಿ.

ಬಾಯಿಗೆ ಹಾಕಬಾರದ್ದು

ನೆಲದ ಮೇಲೆ ಹೊಳೆಯುವ ಕಂದು ಬೀಜಗಳಲ್ಲಿ ಎರಡು ಬಗೆ. ಸಿಪ್ಪೆಯ ಮೇಲೆ ಅಲ್ಲಲ್ಲಿ ಮೊಂಡು ಮುಳ್ಳು, ಒಳಗೆ ದುಂಡನೆಯ ಬೀಜ ಇದ್ದರೆ ಅದು ಹಾರ್ಸ್ ಚೆಸ್ಟ್‌ನಟ್, ವಿಷ. ಮುಳ್ಳುಹಂದಿಯಂತೆ ಒತ್ತಾದ ಸೂಜಿಮುಳ್ಳು, ಬೀಜದ ತುದಿಯಲ್ಲಿ ಚೂಪು ಜುಟ್ಟು ಇದ್ದರೆ ತಿನ್ನುವ ಚೆಸ್ಟ್‌ನಟ್. ಮೂರು ವರ್ಷದೊಳಗಿನವರ ಕೈಗೆ ಎರಡೂ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಅಣಬೆ, ಕೆಂಪು ಹಣ್ಣು ನೋಡಲಿಕ್ಕಷ್ಟೇ. ಯೂ ಮರದ ಬೀಜ, ಎಲೆ ಎರಡೂ ಘೋರ ವಿಷ. ತರಗೆಲೆಯಲ್ಲಿ ಹೊರಳಾಡಿ ಬಂದ ಮೇಲೆ ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ರಕ್ತ ಹೀರುವ ಉಣ್ಣೆ ಹುಳು (ಟಿಕ್) ಕಚ್ಚಿದೆಯೇ ನೋಡಿ.

ಶೀಗಿ ಹುಣ್ಣಿಮೆಯ ಚರಗವನ್ನು ಅಲ್ಲಿನ ಹಕ್ಕಿಗಳಿಗೆ ಹಾಕುವ ಆಸೆಯಿದ್ದರೆ ಉಪ್ಪು-ಖಾರದ ಅಡುಗೆ ಬೇಡ. ಉಪ್ಪಿಲ್ಲದ, ಬೂಷ್ಟು ಹಿಡಿಯದ ಶೇಂಗಾ ಬೀಜವನ್ನು ಒಡೆದು ಹಾಕಿ.

ಕುಂಬಳಕಾಯಿ ಗಾರಿಗೆ

ಅಕ್ಟೋಬರ್ 31ರ ಹ್ಯಾಲೋವೀನ್‌ಗೆ ಮುಖ ಕೆತ್ತುವ ದೊಡ್ಡ ಕುಂಬಳಕಾಯಿ ಬರೀ ನೀರು. ಅದರಲ್ಲಿ ಗಾರಿಗೆ ಮಾಡಲು ಹೋದರೆ ಹಿಟ್ಟು ಕುಡಿದೂ ಕುಡಿದೂ ಕೊನೆಗೆ ಕಲ್ಲಾಗುತ್ತದೆ. ಬಟರ್‌ನಟ್ ಅಥವಾ ಕಿತ್ತಳೆ ಬಣ್ಣದ ಚಿಕ್ಕ ಹೊಕ್ಕೈಡೊ ತನ್ನಿ. ಎರಡು ಲೋಟ ತುರಿಗೆ ಒಂದು ಲೋಟ ಬೆಲ್ಲ ಹಾಕಿ, ನೀರು ಹಾಕದೆ, ತುರಿ ಮೆತ್ತಗಾಗುವವರೆಗೆ ಬೇಯಿಸಿ. ಬಿಸಿಯಿರುವಾಗಲೇ ಏಲಕ್ಕಿ, ಚಿಟಿಕೆ ಉಪ್ಪು, ಎರಡು ಚಮಚ ರವೆ, ಹಿಡಿಯುವಷ್ಟು ಗೋಧಿಹಿಟ್ಟು (ಸುಮಾರು ಎರಡು ಲೋಟ) ಸೇರಿಸಿ. ಅರ್ಧ ಗಂಟೆ ಬಿಟ್ಟು, ಮಗುವಿನ ಕೈಯಲ್ಲೇ ತಟ್ಟಿಸಿ, ಸಣ್ಣ ಉರಿಯಲ್ಲಿ ನೀವು ಕರಿಯಿರಿ. ಉರಿ ಜೋರಾದರೆ ಬೆಲ್ಲ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ, ಹೊಗೆ ಗಂಟೆಯೂ ಬಡಿದುಕೊಳ್ಳುತ್ತದೆ.

ಮೊದಲ ಮಂಜುಗಡ್ಡೆ

ರಾತ್ರಿ ಸೊನ್ನೆಗಿಂತ ಕೆಳಗಿಳಿಯುವ ದಿನ ಹವಾಮಾನ ನೋಡಿಕೊಂಡು, ಸಂಜೆ ಸ್ಟೀಲ್ ತಟ್ಟೆಯಲ್ಲಿ ಎರಡು ಸೆಂಟಿಮೀಟರ್ ನೀರು ಹಾಕಿ. ಮಗು ತಂದ ಎಲೆ, ಪೈನ್ ಕಡ್ಡಿ, ಸೇವಂತಿಗೆ ಎಸಳು ಅದರಲ್ಲಿ ಜೋಡಿಸಲಿ. ತೂಗುಹಾಕಲಿಕ್ಕೆ ಒಂದು ದಾರವನ್ನು ಮಡಚಿ ತಟ್ಟೆಯ ಅಂಚಿನಲ್ಲಿಡಿ. ಅದರ ಎರಡೂ ತುದಿ ನೀರಿನಲ್ಲಿ ಮುಳುಗಿರಬೇಕು; ತೇಲಿದರೆ ಬೆಳಿಗ್ಗೆ ದಾರ ಒಂದೇ ಕೈಗೆ ಬರುತ್ತದೆ. ಹೊರಗಿಡಿ. ಬೆಳಿಗ್ಗೆ ತಟ್ಟೆಯ ತಳಕ್ಕೆ ಉಗುರುಬೆಚ್ಚಗಿನ ನೀರು ತಾಗಿಸಿದರೆ ಬಿಲ್ಲೆ ಜಾರಿ ಬರುತ್ತದೆ. ಮಕ್ಕಳ ತಲೆಯ ಮೇಲೆ ಬೀಳದಂಥ ತಗ್ಗಿನ ಕೊಂಬೆಗೆ ತೂಗುಹಾಕಿ. ಮಧ್ಯಾಹ್ನಕ್ಕೆ ಅದು ಕರಗಿ ಎಲೆ ನೆಲಕ್ಕೆ ಬಿದ್ದಾಗ ಮಗು ಅಳುವುದುಂಟು. ಆ ಎಲೆಯನ್ನೇ ಎತ್ತಿ ಕೈಗೆ ಕೊಡಿ, ಸಂಜೆ ಮತ್ತೆ ತಟ್ಟೆಗೆ ಹಾಕಲಿ.