ಕರಾಳ ಶೋಜೋ ಪ್ರೇಮಕಥೆ: ಗೀಳು, ಆರಾಧನೆ, ಆಘಾತಗಳನ್ನು 32 ಪುಟದಲ್ಲಿ ಬರೆದು ಬಿಡಿಸುವುದು ಹೇಗೆ

ಶೋಜೋ ಮಾಂಗಾ ಎಂದರೆ ಜಪಾನಿನಲ್ಲಿ ಹದಿಹರೆಯದ ಹುಡುಗಿಯರಿಗೆಂದು ಬರುವ ಚಿತ್ರಕಥೆ. ಅದರ ಕರಾಳ ಬಗೆಯನ್ನು ಕನ್ನಡದಲ್ಲಿ ಮಾಡಹೊರಟವರು ಹೆಚ್ಚಾಗಿ ಮೊದಲ ಪುಟದಲ್ಲೇ ಎಡವುತ್ತಾರೆ. ಪ್ರೇಮಿಯ ಕಣ್ಣಿನ ಸುತ್ತ ಕಪ್ಪು ಬಳಿದು, ತುಟಿಯಲ್ಲಿ ಕೊಂಕು ನಗೆ ಇಟ್ಟು, ಇವರಿಗೆ ತಲೆ ಕೆಟ್ಟಿದೆ ಎಂದು ಮುಖದ ಮೇಲೇ ಬರೆದುಬಿಡುತ್ತಾರೆ. ಅಲ್ಲಿಗೆ ಕಥೆಯಲ್ಲಿ ಏನೂ ಉಳಿಯುವುದಿಲ್ಲ. ಗೀಳು ಹಿಡಿದವರಿಗೆ ಅದು ಗೀಳು ಅನ್ನಿಸುವುದಿಲ್ಲ. ಲೋಕ ಇಷ್ಟು ಚೆಂದ ಯಾವತ್ತೂ ಇರಲಿಲ್ಲ ಅನ್ನಿಸುತ್ತದೆ. ಹಾಗಾಗಿ ಪುಟವೂ ಚೆಂದವಾಗಿರಬೇಕು, ಓದುಗರು ಅರ್ಧ ಕಥೆಯವರೆಗೆ ಆ ಚೆಂದವನ್ನು ನಂಬಬೇಕು. ಆಮೇಲೆ ಅಲಂಕಾರವನ್ನು ಒಂದೊಂದಾಗಿ ಕಳಚುತ್ತಾ ಬರುವುದೇ ಕಥೆ. ಕೆಳಗಿನ ಅಳತೆ, ಹಂತಗಳೆಲ್ಲ ಈ ಒಂದು ಕೆಲಸಕ್ಕಾಗಿ.

ಇದೇನೂ ಹೊಸ ಕಂಡುಹಿಡಿತವಲ್ಲ. 1949ರ ಆಸುಪಾಸಿನಲ್ಲಿ ಹುಟ್ಟಿದ, ಜಪಾನಿನ ಶೋವಾ ಚಕ್ರವರ್ತಿಯ ಆಳ್ವಿಕೆಯ ವರ್ಷದೆಣಿಕೆಯಲ್ಲಿ '24ನೇ ವರ್ಷದ ಗುಂಪು' ಎಂದು ಹೆಸರಾದ ಚಿತ್ರಕಥೆಗಾರ್ತಿಯರು 1970ರ ದಶಕದಲ್ಲಿ ಪ್ಯಾನೆಲ್‌ಗಳ, ಅಂದರೆ ಪುಟದ ಚಿತ್ರಚೌಕಗಳ, ಗೆರೆಯೊಡೆದು, ಒಂದರ ಮೇಲೊಂದು ಹರಡಿ, ಮನಸ್ಸಿನ ಮಾತನ್ನು ಸಂಭಾಷಣೆಯ ಗುಳ್ಳೆಯಿಂದ ಹೊರಗೆ ತಂದು ಪುಟದ ಮೇಲೆ ತೇಲಿಬಿಟ್ಟರು. ಒಳಗಿನ ಲೋಕ ಹೊರಗಿನದನ್ನು ನುಂಗುವುದನ್ನು ತೋರಿಸಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೂ ಸಿಕ್ಕಿಲ್ಲ.

ಮೊದಲು ಗಾಯ, ಆಮೇಲೆ ಪ್ರೇಮ

ಬರವಣಿಗೆಯನ್ನು ಪ್ರೇಮದಿಂದ ಶುರುಮಾಡಬೇಡಿ. ಆ ವ್ಯಕ್ತಿಯೇ ಯಾಕೆ, ಆ ಗಳಿಗೆಯೇ ಯಾಕೆ ಎಂಬುದಕ್ಕೆ ಹಳೆಯ ಗಾಯದಲ್ಲಿ ಉತ್ತರವಿರಬೇಕು. ಒಂದು ಉದಾಹರಣೆಯನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ.

ಚಂದ್ರಿಕಾ, 20 ವರ್ಷ, ಪಾಂಡವಪುರದ ಕಡೆಯವಳು, ಮೈಸೂರಿನಲ್ಲಿ ಬಿ.ಎ. ಓದುತ್ತಾಳೆ. ಹನ್ನೊಂದು ವರ್ಷದವಳಿದ್ದಾಗ ರಾತ್ರಿ ಆಲೆಮನೆಯಿಂದ ಅಣ್ಣನ ಬೈಕಿನಲ್ಲಿ ಬರುತ್ತಿದ್ದಳು. ತಡೆಗೋಡೆಯಿಲ್ಲದ ಏರಿಯ ಮೇಲೆ ಬೈಕು ಜಾರಿ ವಿ.ಸಿ. ನಾಲೆಗೆ ಬಿತ್ತು. ಅಣ್ಣ ಅವಳನ್ನು ದಡಕ್ಕೆ ನೂಕಿದ, ಅವನ ಕೈ ಇವಳ ಕೈಯಿಂದ ಜಾರಿತು. ವಿನಯ್, 23 ವರ್ಷ, ಮಂಡ್ಯದವನು, ಮಾನಸಗಂಗೋತ್ರಿಯಲ್ಲಿ ಎಂ.ಎ., ಸಂಜೆ ಹವ್ಯಾಸಿ ತಂಡದಲ್ಲಿ ನಾಟಕ. ಪಾಂಡವಪುರ ಸ್ಟೇಷನ್ನಿನಲ್ಲಿ ಹೊರಟೇಬಿಟ್ಟ ಪ್ಯಾಸೆಂಜರ್ ರೈಲಿಗೆ ಅವಳು ಓಡಿಬಂದಾಗ ಬಾಗಿಲಲ್ಲಿ ನಿಂತಿದ್ದವನು ಕೈಹಿಡಿದು ಎಳೆದುಕೊಳ್ಳುತ್ತಾನೆ. ಅವನು ಎಂಥವನೆಂದು ಅವಳಿಗೆ ಗೊತ್ತಿಲ್ಲ. ಜಾರದ ಕೈ ಒಂದು ಸಿಕ್ಕಿತು, ಅಷ್ಟೇ. ಈ ಕೊಂಡಿ ಒಂದೇ ವಾಕ್ಯದಲ್ಲಿ ಹೇಳುವಂತಿರಬೇಕು. ಹೇಳಲು ಮೂರು ವಾಕ್ಯ ಬೇಕಾದರೆ ಗಾಯಕ್ಕೂ ಪ್ರೇಮಕ್ಕೂ ನಂಟು ಕೂಡಿಲ್ಲ ಎಂದು ತಿಳಿಯಿರಿ.

ಇಬ್ಬರನ್ನೂ ವಯಸ್ಕರನ್ನಾಗಿಯೇ ಇಡಿ, ವಯಸ್ಸು ಮೊದಲ ಪುಟಗಳಲ್ಲೇ ತಿಳಿಯಲಿ. ಗೀಳು ಹುಡುಗಿಯದ್ದಾಗಿರುವುದಕ್ಕೂ ಕಾರಣವಿದೆ. ಹುಡುಗ ಹಿಂದೆ ಬಿದ್ದರೆ ನಮ್ಮ ಸಿನಿಮಾ ನೋಡಿ ಬೆಳೆದ ಕಣ್ಣಿಗೆ ಅದು ಸಲೀಸಾಗಿ ನಾಯಕನ ಪ್ರೇಮದಂತೆ ಕಾಣುತ್ತದೆ. ಹಾಗೆ ಬರೆಯಲೇಬೇಕೆಂದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ ನೆನಪಿರಲಿ: ಹೆಣ್ಣು ಬೇಡವೆಂದು ಸ್ಪಷ್ಟವಾಗಿ ಹೇಳಿದ ಮೇಲೂ ಹಿಂಬಾಲಿಸಿದರೆ ಮೊದಲ ಸಲಕ್ಕೇ ಮೂರು ವರ್ಷದವರೆಗೆ ಸೆರೆವಾಸ. ಕಥೆಯೊಳಗಿನ ಅವಳ ಗೆಳತಿಯರಾದರೂ ಇದನ್ನು ಅರಿತವರಂತೆ ನಡೆದುಕೊಳ್ಳಬೇಕು.

ಹಾಳೆ, ಅಳತೆ, ಪುಟದ ತಿರುವು

ಜಪಾನಿನ ವೃತ್ತಿನಿರತರು ಬಿ4 ಹಾಳೆಯಲ್ಲಿ 180×270 ಮಿ.ಮೀ. ಒಳಚೌಕಟ್ಟು ಹಾಕುತ್ತಾರೆ. ನಮಗೆ ಎ4 ಸಾಕು: 160ರಿಂದ 180 ಜಿಎಸ್‌ಎಂ (ಚದರ ಮೀಟರಿಗೆ ಗ್ರಾಂ) ತೂಕದ ನಯವಾದ ಹಾಳೆ, ಕತ್ತರಿಸುವ ಗೆರೆ 182×257, ಮುಖ್ಯವಾದದ್ದೆಲ್ಲ 150×220 ಒಳಗೆ. ಎ5 ಪುಸ್ತಕಕ್ಕೆ ಇಳಿಸಿದಾಗ ಶೇ. 81ರಷ್ಟಾಗುತ್ತದೆ, ಆದ್ದರಿಂದ ತೀರ ತೆಳುವಾದ ರೆಪ್ಪೆಗೂದಲಿಗೆ 0.05 ಪೆನ್ನು ಬಳಸಿದರೆ ಮುದ್ರಣದಲ್ಲಿ ಮಾಯ. 0.1, 0.3, 0.8 ಮೂರು ಪೆನ್ನು, ನೀರಿಗೆ ಅಳಿಯದ ಕಪ್ಪು ಶಾಯಿ, ತಿದ್ದಲು ಬಿಳಿ ಪೋಸ್ಟರ್ ಬಣ್ಣ ಇದ್ದರೆ ಆಯಿತು.

ಕನ್ನಡ ಎಡದಿಂದ ಬಲಕ್ಕೆ ಓದುವ ನುಡಿ, ಪುಟವೂ ಹಾಗೇ ಸಾಗಲಿ. ಜಪಾನೀ ಅನ್ನಿಸಲೆಂದು ಬಲದಿಂದ ಎಡಕ್ಕೆ ಜೋಡಿಸಿದರೆ ಗುಳ್ಳೆಯೊಳಗೆ ಕಣ್ಣು ಒಂದು ಕಡೆ, ಪ್ಯಾನೆಲ್‌ನಲ್ಲಿ ಇನ್ನೊಂದು ಕಡೆ ಓಡುತ್ತದೆ. ಬೆಸಸಂಖ್ಯೆಯ ಪುಟ ಬಲಗಡೆ ಬರುತ್ತದೆ, ಅದನ್ನು ಮಗುಚಿದಾಗ ಸಮಸಂಖ್ಯೆಯದು ಕಾಣುತ್ತದೆ. ಆದ್ದರಿಂದ ಬೆಚ್ಚಿಬೀಳಿಸುವುದು ಏನಿದ್ದರೂ ಸಮಪುಟದ ಮೊದಲ ಪ್ಯಾನೆಲ್‌ನಲ್ಲಿ. ನಡುವೆ ಪಿನ್ ಹೊಡೆದ 32 ಪುಟದ ಪುಸ್ತಕದಲ್ಲಿ 16 ಮತ್ತು 17 ಒಂದೇ ಹಾಳೆಯ ಮೇಲೆ ಬರುತ್ತವೆ. ಇಡೀ ಹರವಿಗೆ ಹಬ್ಬಿದ ಚಿತ್ರ ಒಡೆಯದೆ ನಿಲ್ಲುವುದು ಅಲ್ಲಿ ಮಾತ್ರ. ಆರಾಧನೆಯ ಶಿಖರಕ್ಕೆ ಆ ಜಾಗ ಕಾದಿರಿಸಿ.

ಹಂಚಿಕೆ ಹೀಗಿರಲಿ. 2ರಿಂದ 7 ರೈಲು ಮತ್ತು ಕೈ. 8ರಿಂದ 15 ಆರಾಧನೆ. 16–17 ರಂಗದ ಬೆಳಕಿನಲ್ಲಿ ವಿನಯ್. 18ರಿಂದ 25 ಬಿರುಕು. 26ರಿಂದ 32 ನಾಲೆಯ ರಾತ್ರಿ ಮತ್ತು ಅದರ ಮಾರನೆಯ ದಿನ.

ಆರಾಧನೆ: ಅವನನ್ನು ಖಾಲಿ ಬಿಡುವುದು

8ರಿಂದ 17ರವರೆಗೆ ವಿನಯನ ಹಿಂದೆ ಹಿನ್ನೆಲೆ ಬಿಡಿಸಬೇಡಿ. ಗೋಡೆ, ಸೀಟು, ಸಹಪ್ರಯಾಣಿಕರು ಯಾವುದೂ ಬೇಡ. ಬಿಳಿ, ಇಲ್ಲವೇ ಶೇ. 10ರ ಟೋನ್ (ಬೂದು ನೆರಳಿಗಾಗಿ ತುಂಬುವ ಚುಕ್ಕಿ ವಿನ್ಯಾಸ), ಅದರ ಮೇಲೆ ಹೂವು. ಗುಲಾಬಿ, ಲಿಲ್ಲಿ ಜಪಾನಿನ ಪುಟಗಳಿಗೆ ಸರಿ; ಇಲ್ಲಿ ಕಬ್ಬಿನ ಸೂಲಂಗಿ ಹಾಕಿ. ಬೆಳಕಿಗೆ ಹಿಡಿದರೆ ಬೆಳ್ಳಿಯಂತೆ ತೂಗುವ ಸೂಲಂಗಿ ಮೂಡಿತೆಂದರೆ ಕಬ್ಬಿನ ಬೆಳವಣಿಗೆ ನಿಂತಿತು, ಕಡಿಯುವುದು ತಡವಾದರೆ ಸಿಹಿಯೂ ತೂಕವೂ ಇಳಿಯುತ್ತವೆ. ಮಂಡ್ಯದ ಓದುಗರಿಗೆ ವಿವರಿಸಬೇಕಾಗಿಲ್ಲ. ಉಳಿದವರಿಗೆ ಚೆಂದ ಕಂಡರೆ ಸಾಕು. ಮಲ್ಲಿಗೆ ಬೇಡ, ಮೈಸೂರು ಎಂದ ಕೂಡಲೇ ಎಲ್ಲರೂ ಮಲ್ಲಿಗೆಗೇ ಕೈಹಾಕುತ್ತಾರೆ.

ಪುಟಕ್ಕೆ ಒಂದರಿಂದ ಮೂರು ಪ್ಯಾನೆಲ್, ಒಂದೆರಡಕ್ಕೆ ಗೆರೆಯೇ ಇಲ್ಲ. ಅವನ ಕಣ್ಣಿಗೆ ಎರಡು ಹೊಳಪು, ಕೈಬೆರಳು ನಿಜಕ್ಕಿಂತ ತುಸು ಉದ್ದ. ಪ್ರತಿ ಎರಡು ಪುಟಕ್ಕೊಮ್ಮೆ ಕೈ ಬರಲಿ: ಪುಸ್ತಕ ಹಿಡಿದ ಕೈ, ಸರಳು ಹಿಡಿದ ಕೈ, ಟೀ ಲೋಟದ ಸುತ್ತ ಕೈ. ಮುಖ್ಯವಾದದ್ದು ಇದು: ಈ ಹತ್ತು ಪುಟಗಳಲ್ಲಿ ವಿನಯ್ ತನಗೆ ಏನು ಬೇಕು ಎಂದು ಒಂದು ಸಲವೂ ಹೇಳಬಾರದು. ಹೇಳಿರುತ್ತಾನೆ, ಅವಳಿಗೆ ಕೇಳಿಸಿರುವುದಿಲ್ಲ. ಅವನ ಒಂದೆರಡು ಗುಳ್ಳೆಗಳನ್ನು ಪ್ಯಾನೆಲ್‌ನ ಅಂಚಿನಲ್ಲಿ ಅರ್ಧ ಕತ್ತರಿಸಿ: "ಈ ವರ್ಷ ಬ್ಯಾಂಕ್ ಪರೀ…" ಎರಡನೇ ಸಲ ಓದುವವರಿಗೆ ಅದು ಸಿಗುತ್ತದೆ.

ಅವನೂ ಅಮಾಯಕನಾಗಿ ಉಳಿಯಬಾರದು. ಮನಶ್ಶಾಸ್ತ್ರಜ್ಞೆ ಡೊರೋತಿ ಟೆನೊವ್ 1979ರ ತಮ್ಮ ಪುಸ್ತಕದಲ್ಲಿ ಲಿಮರೆನ್ಸ್ ಎಂದು ಕರೆದ, ಒಬ್ಬರ ಮೇಲೆ ಗೀಳಿನಂತೆ ಮೋಹ ಹತ್ತುವ ಮನಸ್ಥಿತಿಗೆ ಆಹಾರ ಎರಡು, ಆಸೆ ಮತ್ತು ಅನುಮಾನ. ಪೂರ್ತಿ ಸಿಕ್ಕರೂ ಅದು ಇಳಿಯುತ್ತದೆ, ಪೂರ್ತಿ ಮುಚ್ಚಿದರೂ ಕ್ರಮೇಣ ಇಳಿಯುತ್ತದೆ. ನಡುವೆ ತೂಗಾಡಿದರೆ ಬೆಳೆಯುತ್ತದೆ. ಹಾಗಾಗಿ ಅವಳ ನಾಲ್ಕು ಸಂದೇಶಕ್ಕೆ ಅವನದು ಒಂದು ಉತ್ತರ, ಅದೂ ಲೆಕ್ಕವಿಲ್ಲದ ಹೊತ್ತಿನಲ್ಲಿ. ನೀಲಿ ಗುರುತು ಬಿದ್ದು ಮೂರು ಪ್ಯಾನೆಲ್ ಏನೂ ಆಗದಿರಲಿ. ತನ್ನನ್ನು ಯಾರೋ ಹಾಗೆ ನೋಡುವುದು ಅವನಿಗೆ ಹಿತವೆಂಬುದು ಒಂದೇ ಒಂದು ಪ್ಯಾನೆಲ್‌ನಲ್ಲಿ ಕಂಡರೆ ಸಾಕು: ಫೋನು ನೋಡಿ ಮುಗುಳ್ನಕ್ಕು, ಉತ್ತರ ಬರೆಯದೆ ಜೇಬಿಗೆ ಹಾಕಿಕೊಳ್ಳುವ ವಿನಯ್.

ಆಘಾತ: ಹಿಂದಿನದಲ್ಲ, ಈಗಿನದು

ಎಲ್ಲಕ್ಕಿಂತ ಹೆಚ್ಚು ಕೆಡುವುದು ಇಲ್ಲಿ. ಹತ್ತನೇ ಪುಟದಲ್ಲಿ ಕಪ್ಪು ಅಂಚಿನ ಫ್ಲ್ಯಾಶ್‌ಬ್ಯಾಕ್ ಹಾಕಿ ನಾಲೆಯ ಕಥೆ ಪೂರ್ತಿ ಹೇಳಿಬಿಡುತ್ತಾರೆ. ಆಗ ಆಘಾತ ಎಂಬುದು ಅವಳ ನಡತೆಗೆ ಕೊಟ್ಟ ಸಮಜಾಯಿಷಿಯಾಗುತ್ತದೆ, ಓದುಗರು ಅಯ್ಯೋ ಪಾಪ ಎಂದು ಮುಂದೆ ಹೋಗುತ್ತಾರೆ. ಆಘಾತದ ನೆನಪು ಹಾಗೆ ಕ್ರಮವಾಗಿ, ಮೊದಲು ಕೊನೆ ಇಟ್ಟುಕೊಂಡು ಬರುವುದಿಲ್ಲ. ತುಂಡಾಗಿ, ಕರೆಯದೆ, ಈಗಲೇ ನಡೆಯುತ್ತಿದೆ ಎಂಬಂತೆ ನುಗ್ಗುತ್ತದೆ. ಆದ್ದರಿಂದ ನೆನಪಿನ ಪ್ಯಾನೆಲ್‌ಗೆ ಮಸುಕು ಬೇಡ, ಬೇರೆ ಅಂಚು ಬೇಡ. ವರ್ತಮಾನದ ಗೆರೆಯಲ್ಲೇ, ಅದೇ ದಪ್ಪದಲ್ಲಿ ಬಿಡಿಸಿ.

ತುಂಡುಗಳನ್ನು ಮೊದಲೇ ಪಟ್ಟಿಮಾಡಿ ಪುಟಕ್ಕೆ ಹಂಚಿ: 5ರಲ್ಲಿ ಒಂಟಿ ಚಪ್ಪಲಿ, 11ರಲ್ಲಿ ನೀರಿನೊಳಗೆ ಇನ್ನೂ ಉರಿಯುತ್ತಿರುವ ಹೆಡ್‌ಲೈಟು, 14ರಲ್ಲಿ ಬೆಲ್ಲದ ಕೊಪ್ಪರಿಗೆ, 20ರಲ್ಲಿ ಜಾರುವ ಕೈ. ಪೂರ್ತಿ ಘಟನೆ 28ಕ್ಕೆ ಮೊದಲು ಬೇಡ. ಪ್ರತಿ ತುಂಡಿಗೂ ಅದನ್ನು ಕೆರಳಿಸುವ ಕಿಡಿಯೊಂದು ಎದುರಿನಲ್ಲಿ ಬೇಕು. ಇಲ್ಲಿ ಊರೇ ಕೈಹಿಡಿಯುತ್ತದೆ. ಪಾಂಡವಪುರ ಬಿಟ್ಟ ರೈಲು ಶ್ರೀರಂಗಪಟ್ಟಣದ ದ್ವೀಪ ಹೊಕ್ಕು ಹೊರಬೀಳುವಾಗ ಎರಡು ಸಲ ಕಾವೇರಿ ದಾಟುತ್ತದೆ. ಸೇತುವೆಯ ಮೇಲೆ ಗಾಲಿಯ ಸದ್ದು ಬದಲಾಗುವುದನ್ನು ಅಕ್ಷರದಲ್ಲೇ ತೋರಿಸಿ, ನೆಲದ ಮೇಲೆ ಸಣ್ಣಗೆ 'ಗಡಗಡ', ನೀರಿನ ಮೇಲೆ ಪುಟದಗಲ 'ಧಡಧಡ'. ಕೈಯಲ್ಲೇ ಬರೆಯಿರಿ, ಫಾಂಟು ಬೇಡ. ವಾಸನೆಯನ್ನು ಬಿಡಿಸಲಾಗದು, ಅದಕ್ಕೊಂದು ಟೋನ್ ಮೀಸಲಿಡಬಹುದು: ಕಬ್ಬಿನ ಹಾಲು ಕುದಿಯುವ ಘಮಕ್ಕೆ ಒಂದು ಅಲೆಅಲೆ ಟೋನ್, ಬೇರೆಲ್ಲೂ ಬಳಸದಂತೆ.

ಅಮೆರಿಕದ ಮನೋವೈದ್ಯರ ಸಂಘದ 2013ರ ಡಿಎಸ್‌ಎಂ-5 ಕೈಪಿಡಿ ಆಘಾತೋತ್ತರ ಒತ್ತಡದ ಲಕ್ಷಣಗಳನ್ನು ನಾಲ್ಕು ಗುಂಪಾಗಿ ಇಡುತ್ತದೆ. ನುಗ್ಗುವ ನೆನಪು ಮೇಲೆ ಬಂತು. ಉಳಿದ ಮೂರಕ್ಕೂ ಒಂದೊಂದು ಕ್ರಿಯೆ ಕೊಡಿ. ತಪ್ಪಿಸಿಕೊಳ್ಳುವುದು: ಕುಕ್ಕರಹಳ್ಳಿ ಕೆರೆಗೆ ಹೋಗೋಣವೆಂದರೆ ಅವಳಿಗೆ ಪ್ರತಿಸಲ ಒಂದು ನೆಪ. ಸದಾ ಎಚ್ಚರ: ಎಲ್ಲಿ ಕೂತರೂ ಬಾಗಿಲ ಪಕ್ಕ. ತನ್ನ ಬಗ್ಗೆಯೇ ಕೆಟ್ಟ ನಂಬಿಕೆ: ಕೈ ಬಿಟ್ಟಿದ್ದು ನಾನೇ. ಈ ಕೊನೆಯದು ಬಾಯಲ್ಲಿ ಬರುವುದು 29ನೇ ಪುಟದಲ್ಲಿ, ಅವ್ವನ ಎದುರು, ಊರಿನ ಮಾತಿನಲ್ಲಿ: "ನಾನೇ ಕಣವ್ವ ಕೈ ಬುಟ್ಟಿದ್ದು." ಕಾಯಿಲೆಯ ಹೆಸರನ್ನು ಮಾತ್ರ ಯಾವ ಪಾತ್ರದ ಬಾಯಲ್ಲೂ ಹಾಕಬೇಡಿ.

ಬಿರುಕು

ಭಾನುವಾರ ಸಂಜೆ ಅರಮನೆಯ ದೀಪಾಲಂಕಾರ ನೋಡಲು ಇಬ್ಬರೂ ನಿಂತಿದ್ದಾರೆ. 21ರಲ್ಲಿ ಸುಮಾರು ಒಂದು ಲಕ್ಷ ಬಲ್ಬು ಅವನ ಹಿಂದೆ, ಕೊನೆಯ ಬಾರಿಗೆ ಪೂರ್ತಿ ಹೊಳಪು. ಪುಟ ಮಗುಚಿದರೆ 22ರ ಮೊದಲ ಪ್ಯಾನೆಲ್‌ನಲ್ಲಿ ದೀಪ ಆರಿದೆ. ಅಲ್ಲಿಂದ ಅಚ್ಚುಕಟ್ಟಾದ ಚೌಕ, ಪುಟಕ್ಕೆ ಆರೇಳು ಪ್ಯಾನೆಲ್, ಸಾಲುಗಳ ನಡುವೆ 6 ಮಿ.ಮೀ., ಅಕ್ಕಪಕ್ಕ 3. ಬೀದಿ, ಪಾಪ್‌ಕಾರ್ನ್ ಗಾಡಿ, ಜನ ಎಲ್ಲವೂ ಇದೆ. ವಿನಯನ ಕಣ್ಣಲ್ಲಿ ಹೊಳಪಿಲ್ಲ, ಕಾಲರ್ ಮಾಸಿದೆ, ಬೆರಳು ಸಾಮಾನ್ಯ ಉದ್ದ. ಅವನನ್ನು ಕುರೂಪ ಮಾಡಿಬಿಟ್ಟೀರಿ ಜೋಕೆ; ಹೊಸ ಅಲಂಕಾರವಾಗುತ್ತದೆ ಅದು. ಬರೀ ಮಾಮೂಲಿಯಾಗಲಿ.

"ನಾಟ್ಕ ಬಿಡ್ತಿದೀನಿ. ಬ್ಯಾಂಕ್ ಪರೀಕ್ಷೆಗೆ ಕೂರ್ಬೇಕು."

"ನೀವು ಹಂಗ್ ಮಾಡೋರಲ್ಲ."

"ಅಂದ್ರೆ? ನಾನ್ ಎಂಥೋನು ಅಂತ ನಿನಗೆ ಗೊತ್ತಾ?"

ಇಷ್ಟೇ ಸಾಕು. ಕಿರುಚಾಟ, ಬ್ಲೇಡು, ರಕ್ತ ತಂದರೆ ಪುಟ ಹಗುರವಾಗುತ್ತದೆ. ದೇವರಾಗಿದ್ದವನು ಈ ಗಳಿಗೆಯಿಂದ ಅವಳ ಕಣ್ಣಲ್ಲಿ ಕಳ್ಳನಾಗುತ್ತಾನೆ, ನಡುವೆ ಮೆಟ್ಟಿಲಿಲ್ಲ. 24ರಲ್ಲಿ ಅವಳು ಅವನನ್ನು ಮೊದಲ ಬಾರಿ ಏಕವಚನದಲ್ಲಿ ಕರೆಯುತ್ತಾಳೆ, ಸಲಿಗೆಯಿಂದಲ್ಲ. ಅವಳು ಮಾಡುವ ತಪ್ಪು ಚಿಕ್ಕದೂ ತಿದ್ದಲಾಗದ್ದೂ ಆಗಿರಲಿ: ಅವನ ಪ್ರವೇಶಪತ್ರ ಅವಳ ಬ್ಯಾಗಿನಲ್ಲಿದೆ, ಪರೀಕ್ಷೆಯ ದಿನ ಫೋನು ಎತ್ತುವುದಿಲ್ಲ.

ಅಕ್ಷರ ಮತ್ತು ಟೋನ್

ಜಪಾನೀ ಗುಳ್ಳೆ ಉದ್ದ, ಕಿರಿದು, ಅಲ್ಲಿ ಬರಹ ಮೇಲಿಂದ ಕೆಳಗೆ. 'ಬಂದಿರಲಿಲ್ಲವೇನೋ' ಎಂಬ ಒಂದು ಪದವೇ ಅದನ್ನು ಒಡೆಯುತ್ತದೆ. ಮೊದಲು ಮಾತು ಬರೆದು, ಅದರ ಸುತ್ತ ಅಗಲವಾದ ಗುಳ್ಳೆ ಎಳೆಯಿರಿ. ಒಂದಕ್ಕೆ ಹತ್ತು ಪದ, ನಾಲ್ಕು ಸಾಲು ಮೀರದಿರಲಿ. ಒತ್ತಕ್ಷರ ಕೆಳಸಾಲಿಗೆ ತಾಗುತ್ತದೆ, ಸಾಲಿನ ಅಂತರ 1.4ರಷ್ಟು ಕೊಡಿ.

ಸ್ಕ್ಯಾನ್ 600 ಡಿಪಿಐ. ಎ4 ಹಾಳೆ 4961×7016 ಪಿಕ್ಸೆಲ್ ಆಗುತ್ತದೆ. ಟೋನ್ ಹಾಳೆಗಾಗಿ ಅಂಗಡಿ ಅಲೆಯುವ ಬದಲು ಉಚಿತ ಚಿತ್ರರಚನಾ ತಂತ್ರಾಂಶ ಕ್ರಿಟಾದಲ್ಲೇ ಚುಕ್ಕಿ ಟೋನ್ ತುಂಬಬಹುದು. ಪುಟವನ್ನು ಎ5ಗೆ ಇಳಿಸಿದ ಮೇಲೆ ಟೋನ್ ಹಾಕಿ, ಇಂಚಿಗೆ 60 ಸಾಲು. ಮೊದಲೇ ಹಾಕಿ ಆಮೇಲೆ ಕುಗ್ಗಿಸಿದರೆ ಚುಕ್ಕಿಗಳು ಮುದ್ರಣದ ಚುಕ್ಕಿಗೆ ಡಿಕ್ಕಿ ಹೊಡೆದು ಚೌಕಚೌಕ ಕಲೆ ಮೂಡುತ್ತದೆ. ಫೋನಿಗೆ ಹಾಕುವ ಪ್ರತಿಯಲ್ಲಿ ಚುಕ್ಕಿ ಬೇಡ, ಬೂದು ಬಣ್ಣ ಇರಲಿ.

ಒಳಪುಟಕ್ಕೆ ಮುಂಚೆ ನೀರಿನಲ್ಲಿ ಮುಳುಗುವ ದೃಶ್ಯವಿದೆ ಎಂದು ಒಂದು ಸಾಲಿನ ಸೂಚನೆಯನ್ನೂ, ಸರ್ಕಾರದ ಉಚಿತ ಮನಃಸ್ವಾಸ್ಥ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನೂ ಹಾಕಿ.

ಮುದ್ರಣಕ್ಕೆ ಕೊಡುವ ಮೊದಲು ಇನ್ನೊಂದು ಪರೀಕ್ಷೆ. ವಿನಯನಿರುವ ಪ್ಯಾನೆಲ್‌ಗಳನ್ನಷ್ಟೇ ಜೆರಾಕ್ಸ್ ಮಾಡಿ, ಕತ್ತರಿಸಿ, ಸಾಲಾಗಿ ಜೋಡಿಸಿ, ಕಥೆ ಗೊತ್ತಿಲ್ಲದವರಿಗೆ ಕೊಡಿ. ಅವನಿಗೆ ಏನು ಬೇಕಿತ್ತು, ಏನು ಕಳೆದುಕೊಂಡ ಎಂದು ಕೇಳಿ. ಉತ್ತರ ಬಾರದಿದ್ದರೆ ಚಂದ್ರಿಕಾಳ ಗೀಳು ನಿಮಗೂ ಅಂಟಿದೆ. 18ರಿಂದ 25ರವರೆಗಿನ ಪುಟಗಳನ್ನು ಪೆನ್ಸಿಲ್ ಹಂತದಿಂದ ಮತ್ತೆ ಮಾಡಿ.