ಏಳರ ಮಗ್ಗಿ ಹೇಳುತ್ತಾ ನಡಿಗೆ

"ಸಾರ್, ಪಿಟಿ ಪೀರಿಯಡ್‌ನಲ್ಲಿ ಅವನನ್ನ ಸುಮ್ನೆ ಕೂರಿಸಿಬಿಡಿ" ಅಂದರು ಹುಡುಗನ ತಾಯಿ. ಐದನೇ ಕ್ಲಾಸು. ಹೃದಯದ ಸ್ನಾಯು ದಪ್ಪವಾಗುವ ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. 2021ರಲ್ಲಿ ಅಪ್ಪು ಹೋದ ಮೇಲಂತೂ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ಮಕ್ಕಳು ಏದುಸಿರು ಬಿಟ್ಟರೂ ಭಯ. ನನಗೂ ಭಯವೇ ಇತ್ತು. ಆದರೆ ಎಕೋ (ಹೃದಯದ ಸ್ಕ್ಯಾನ್), ಹೋಲ್ಟರ್ (ಮೈಗೆ ಕಟ್ಟಿಕೊಂಡು ಇಡೀ ದಿನ ತೆಗೆಯುವ ಇಸಿಜಿ), ಟ್ರೆಡ್‌ಮಿಲ್ ಟೆಸ್ಟ್ ಎಲ್ಲ ನೋಡಿದ ಡಾಕ್ಟರ್, ಲಘು ವ್ಯಾಯಾಮ ಆಗಬಹುದು, ಪಂದ್ಯ ಬೇಡ ಅಂತ ಬರೆದುಕೊಟ್ಟಿದ್ದರು. ಆ ಚೀಟಿ ಇಲ್ಲದಿದ್ದರೆ ಅವನನ್ನು ಮೈದಾನಕ್ಕೆ ಇಳಿಸುತ್ತಲೇ ಇರಲಿಲ್ಲ. ಇದೇ ಕಾಯಿಲೆಯ ಇನ್ನೊಂದು ಮಗುವಿಗೆ ಅಷ್ಟೂ ಜಾಸ್ತಿಯಾಗಬಹುದು.

ಮೊದಲ ವಾರ ನಾನೇ ತಪ್ಪು ಮಾಡಿದೆ. ನಾಡಿ ಹಿಡಿದು ನೋಡಿ, ಕಡಿಮೆ ಇದೆ, ಇನ್ನೊಂದು ಸುತ್ತು ನಡಿ ಅಂದೆ. ಅವನು ತಗೊಳ್ಳುತ್ತಿದ್ದದ್ದು ಬೀಟಾ ಬ್ಲಾಕರ್ ಮಾತ್ರೆ. ಅದು ನಾಡಿಯನ್ನ ಹೆಚ್ಚು ಏರಲು ಬಿಡುವುದಿಲ್ಲ, ಮೈ ಸುಸ್ತಾಗಿದ್ದರೂ. ಆಮೇಲೆ ಮಗ್ಗಿ ಹಿಡಿದುಕೊಂಡೆ. ನಡೆಯುತ್ತಾ ಏಳರ ಮಗ್ಗಿ ಜೋರಾಗಿ ಹೇಳಬೇಕು. ನಡುವೆ ಉಸಿರಿಗೆ ತಡವರಿಸಿದರೆ ನಿಧಾನ.

10 ನಿಮಿಷ ವಾರ್ಮ್‌ಅಪ್, 20 ನಿಮಿಷ ಆಟ, ಕೊನೆಗೆ 10 ನಿಮಿಷ ಮೆಲ್ಲಗೆ ನಡಿಗೆ. ಗಕ್ಕನೆ ನಿಂತರೆ ಬಿಪಿ ಇಳಿದು ತಲೆ ಸುತ್ತಬಹುದು. ಮೈಯಲ್ಲಿ ನೀರು ಕಡಿಮೆಯಾದರೆ ಹೃದಯದಿಂದ ರಕ್ತ ಹೊರಡುವ ದಾರಿ ಇನ್ನೂ ಇಕ್ಕಟ್ಟಾಗಬಹುದು, ಅದಕ್ಕೇ ಬಾಟಲಿ ಸದಾ ಜೊತೆಗೆ. ಖೋಖೋ ಬಿಡಿಸಿದೆ, ಅದರಲ್ಲಿ ಎದ್ದ ಕೂಡಲೇ ಓಟ. ಕಬಡ್ಡಿಯಂತೂ ಬೇಡವೇ ಬೇಡ, ಉಸಿರು ಕಟ್ಟಿ ಎಳೆದಾಡುವ ಆಟ ಅಲ್ವಾ. ಕ್ರಿಕೆಟ್‌ಗೆ ಮಾತ್ರ ದಾರಿ ಸಿಕ್ಕಿತು. "ಕುಂಬ್ಳೆ ಊರು ಕಣೋ ಇದು, ನಾಲ್ಕು ಹೆಜ್ಜೆ ಇಟ್ಟು ಸ್ಪಿನ್ ಹಾಕು" ಅಂದೆ.

ಒಂದು ದಿನ ಪದೇ ಪದೇ ಬಗ್ಗಿ ಕೂರುತ್ತಿದ್ದ. ಏನೋ ಅಂದರೆ, "ಲೇಸ್ ಬಿಚ್ಚಿಹೋಯ್ತು ಸಾರ್." ನೋಡಿದರೆ ಅವನ ಬಿಳಿ ಶೂಗೆ ಲೇಸೇ ಇಲ್ಲ, ಅಂಟಿಸುವ ಪಟ್ಟಿ. ತಲೆ ಸುತ್ತುತ್ತಿತ್ತು, ಹೇಳಿದರೆ ಬೆಂಚಿಗೆ ಕಳಿಸುತ್ತೇನೆ ಅಂತ ಮುಚ್ಚಿಟ್ಟಿದ್ದ. ಅಲ್ಲಿಗೇ ಆಟ ನಿಲ್ಲಿಸಿ ತಾಯಿಗೆ ಫೋನ್ ಮಾಡಿದೆ. ಡಾಕ್ಟರ್ ಮತ್ತೆ ನೋಡಿ ಸರಿ ಅನ್ನುವವರೆಗೆ ಎರಡು ವಾರ ಆಟವಿಲ್ಲ. ಆ ಎರಡು ವಾರದಲ್ಲಿ ನಾನೂ ಇನ್ನಿಬ್ಬರು ಟೀಚರ್‌ಗಳೂ ಹೃದಯ ನಿಂತಾಗ ಎದೆ ಒತ್ತುವ ಸಿಪಿಆರ್ ಕಲಿತೆವು. ಬಡಿತ ಸರಿಪಡಿಸಲು ಹೃದಯಕ್ಕೆ ಶಾಕ್ ಕೊಡುವ ಎಇಡಿ ಯಂತ್ರಕ್ಕೆ ಮಾತ್ರ ವರ್ಷವಿಡೀ ಅರ್ಜಿ ಬರೆಯಬೇಕಾಯಿತು.

ವಾಪಸ್ ಬಂದಾಗ ಇಬ್ಬರೂ ಒಪ್ಪಂದ ಮಾಡಿಕೊಂಡೆವು. ಎದೆನೋವು, ತಲೆಸುತ್ತು, ಡವಡವ, ಯಾವುದಾದರೂ ಸರಿ, ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಬೆಂಚಿಲ್ಲ, ಅಂಪೈರ್ ಟೋಪಿ. ಮೊನ್ನೆ ಆ ಟೋಪಿ ಹಾಕಿಕೊಂಡು ನನಗೇ ಎಲ್‌ಬಿಡಬ್ಲ್ಯೂ ಕೊಟ್ಟ. ಬಾಲ್ ಲೆಗ್ ಸ್ಟಂಪಿನ ಆಚೆ ಇತ್ತು ಅಂತ ಈಗಲೂ ವಾದ ಮಾಡುತ್ತಿದ್ದೇನೆ.